ಹಳೇ ಕಾಲದ ತಮಾಷೆ ಕಥೆಗೆ ಗಿಟಾರ್ ಹಿನ್ನೆಲೆ: ನಗೋ ಜಾಗದಲ್ಲೇ ಸಂಗೀತ ಅಡ್ಡ ಬರ್ತಿದೆ

ಅಟ್ಟದಮೇಲೆ (ಪ್ರಶ್ನೆ)
ಏಳು ನಿಮಿಷದ ಕಥೆ, ಬೀದಿಗೆಲ್ಲ ಒಂದೇ ಟಿವಿ ಇದ್ದ ಕಾಲದ್ದು. ಒಬ್ಬ ಹೆಂಚಿನ ಮೇಲೆ ಹತ್ತಿ ಆಂಟೆನಾ ತಿರುಗಿಸ್ತಾನೆ, ಒಳಗಿಂದ ಇನ್ನೊಬ್ಬ "ಬಂತು, ಬಂತು... ಹೋಯ್ತು!" ಅಂತ ಕೂಗ್ತಾನೆ. ಗಂಡು ದನಿ, ಹಿಂದೆ ಸ್ಟೀಲ್ ತಂತಿಯ ಗಿಟಾರ್ ಒಂದೇ, ಬೇರೆ ಬೇರೆ ಟ್ರ್ಯಾಕ್. ಆಡಾಸಿಟಿಯಲ್ಲಿ (ಸದ್ದು ಎಡಿಟ್ ಮಾಡೋ ತಂತ್ರಾಂಶ) ಆಟೋ ಡಕ್, ಅಂದ್ರೆ ಮಾತು ಬಂದಾಗ ಸಂಗೀತ ತಾನಾಗೇ ತಗ್ಗಿಸೋ ಎಫೆಕ್ಟ್, ಹಾಕಿದ ಮೇಲೆ "ಬಂತು" ಮತ್ತು "ಹೋಯ್ತು" ನಡುವಿನ ಮೌನದಲ್ಲಿ ಗಿಟಾರ್ ಧುತ್ತಂತ ಎದ್ದು ಬರುತ್ತೆ. ದನಿಯೂ ಮಂಕಾಗಿ ಕೇಳುತ್ತೆ. ಏನು ಮಾಡಬೇಕು?

ಆರುತಂತಿ
ಆಟೋ ಡಕ್‌ನಲ್ಲಿ 'ಮ್ಯಾಕ್ಸಿಮಮ್ ಪಾಝ್' (ಗರಿಷ್ಠ ಮೌನ) ಅಂತ ಒಂದು ಅಳತೆ ಇದೆ, ಮೊದಲೇ 1 ಸೆಕೆಂಡ್ ಇಟ್ಟಿರ್ತಾರೆ. ಮಾತು ಅದಕ್ಕಿಂತ ಹೆಚ್ಚು ಹೊತ್ತು ನಿಂತರೆ ಕಥೆ ಮುಗೀತು ಅಂದ್ಕೊಂಡು ಅದು ಸಂಗೀತ ಏರಿಸಿಬಿಡುತ್ತೆ. ತಮಾಷೆ ಮೌನ ಒಂದೂವರೆ, ಎರಡು ಸೆಕೆಂಡ್ ಇರೋದು ಸಹಜ. ಅದನ್ನು 3ಕ್ಕೆ ಏರಿಸಿ. ಇನ್ನೂ ಒಳ್ಳೇದು ಅಂದ್ರೆ ಆಟೋ ಡಕ್ ಬಿಟ್ಟು, ಬೇಕಾದ ಜಾಗದಲ್ಲಿ ಸದ್ದು ಏರಿಳಿಸೋ ಎನ್ವಲಪ್ ಟೂಲ್‌ನಲ್ಲಿ ಕೈಯಿಂದಲೇ ಇಳಿಸೋದು. ಏಳು ನಿಮಿಷಕ್ಕೆ ಅದೇನು ದೊಡ್ಡ ಕೆಲಸ ಅಲ್ಲ.

ಮಾತಿನ ಕೊನೆ ಮುಗಿದ ಕೂಡಲೇ ಏರಿಸಬೇಡಿ. ನಮ್ಮಲ್ಲಿ ಕ್ರಿಯಾಪದ ಕೊನೆಗೇ ಬರೋದು, "ಬಿದ್ದೇಬಿಟ್ಟ" ಅನ್ನೋದರಲ್ಲೇ ನಗು ಇರುತ್ತೆ, ಹೇಳುವವರ ದನಿ ಇಳಿಯೋದೂ ಅಲ್ಲೇ. ಅರ್ಧ ಸೆಕೆಂಡ್ ಕಳೆದ ಮೇಲೆ, ಒಂದು ಸೆಕೆಂಡಿನಷ್ಟು ಹೊತ್ತು ತಗೊಂಡು ನಿಧಾನಕ್ಕೆ ಏರಲಿ.

ಮಂಕಾಗೋದಕ್ಕೆ ಕಾರಣ ದಪ್ಪ ತಂತಿಗಳು. ಆರನೇ ತಂತಿ 82 ಹರ್ಟ್ಜ್, ಐದನೇದು 110, ನಾಲ್ಕನೇದು 147. ಗಂಡು ದನಿಯ ಬುಡವೂ ಸರಿಸುಮಾರು ಅದೇ ಜಾಗ. ಗಿಟಾರ್ ಕತ್ತಿನ ಏಳನೇ ಫ್ರೆಟ್ಟಿಗೆ (ಅಡ್ಡಪಟ್ಟಿ) ಕೇಪೋ (ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿಹಿಡಿಯೋ ಕ್ಲಿಪ್) ಹಾಕಿ, ಸಿ, ಎ ಮೈನರ್ 7, ಎಫ್ ಮೇಜರ್ 7 ಕಾರ್ಡ್ ಹಿಡಿತಗಳಲ್ಲಿ ಆರನೇ ತಂತಿ ಮುಟ್ಟದೆ ನುಡಿಸಿ. ಆಗ ಗಿಟಾರ್ 165 ಹರ್ಟ್ಜ್‌ನಿಂದ ಮೇಲೇ ಇರುತ್ತೆ. ಇಷ್ಟಾದ್ರೂ ಮಾತು ಸ್ಪಷ್ಟವಾಗದಿದ್ದರೆ ಗಿಟಾರ್ ಟ್ರ್ಯಾಕ್‌ನಲ್ಲಿ 2ರಿಂದ 4 ಕಿಲೋಹರ್ಟ್ಜ್ ನಡುವೆ 3 ಡೆಸಿಬೆಲ್ ತೆಗೀರಿ, ವ್ಯಂಜನಗಳಿಗೆ ಜಾಗ ಸಿಗುತ್ತೆ. ಉಗುರಿನ ಬದಲು ಬೆರಳಿನ ಮಾಂಸದಿಂದ ಮೀಟಿದರೆ ಅರ್ಧ ಸಮಸ್ಯೆ ಅಲ್ಲೇ ಹೋಗುತ್ತೆ.

ಮಟ್ಟ (ಎಲ್‌ಯುಎಫ್‌ಎಸ್ ಅಂದ್ರೆ ಕಿವಿಗೆ ಎಷ್ಟು ಜೋರು ಅನ್ನಿಸುತ್ತೆ ಅನ್ನೋದರ ಅಳತೆ): ಮಾತು -16 ಎಲ್‌ಯುಎಫ್‌ಎಸ್ ಸುತ್ತ, ಅದರ ಕೆಳಗಿನ ಗಿಟಾರ್ 18ರಿಂದ 20 ಡೆಸಿಬೆಲ್ ಕಮ್ಮಿ. ಹೆಡ್‌ಫೋನ್ ನಂಬಬೇಡಿ, ಮೊಬೈಲ್ ಸ್ಪೀಕರ್‌ನಲ್ಲಿ ಕೇಳಿ ನೋಡಿ. ಅದರಲ್ಲಿ ಕೆಳ ಸ್ವರ ಮಾಯವಾಗಿ ಮೀಟಿನ ಟಕಟಕ ಮಾತ್ರ ಉಳಿಯುತ್ತೆ.

ಶ್ರುತಿಪೆಟ್ಟಿಗೆ
ಮೇಲಿನವರು ಹೇಳಿದ್ದೆಲ್ಲ ಸರಿ. ಆದ್ರೆ ನಗೋ ಜಾಗದಲ್ಲಿ ಗಿಟಾರ್ ಇಳಿಸೋದಲ್ಲ, ಇರಲೇಬಾರದು. ಹರಿಕಥೆಯಲ್ಲಿ ದಾಸರು ನಗಿಸೋ ಉಪಕಥೆ ಹೇಳುವಾಗ ಪಕ್ಕವಾದ್ಯದವರು ಕೈಕಟ್ಟಿ ಕೂತಿರ್ತಾರೆ, ಶ್ರುತಿ ಮಾತ್ರ ನಡೀತಿರುತ್ತೆ. ನಿಮ್ಮ ಕಥೆಗೂ ಅದೇ ಲೆಕ್ಕ. ನಿಮಿಷಕ್ಕೆ 70 ಬಡಿತ ಇಟ್ಟರೆ ನಾಲ್ಕು ಬಡಿತದ ಒಂದು ಆವರ್ತಕ್ಕೆ ಸುಮಾರು 3.4 ಸೆಕೆಂಡ್. "ಬಂತು"ಗಿಂತ ಒಂದು ಆವರ್ತ ಮೊದಲೇ ಕೊನೇ ಮೀಟು ಬೀಳಲಿ, ತಂತಿ ತಾನಾಗೇ ಆರಲಿ. ನಡುವೆ ಕತ್ತರಿಸಿದರೆ ಕರೆಂಟ್ ಹೋದ ಹಾಗೆ ಕೇಳುತ್ತೆ. ಪ್ರತಿ ನಗುವಿಗೂ ಹೀಗೆ ಮಾಡಬೇಡಿ, ಗಿಟಾರ್ ನಿಂತ ತಕ್ಷಣ ಜೋಕ್ ಬರುತ್ತೆ ಅಂತ ಕೇಳುಗನಿಗೆ ಗೊತ್ತಾಗಿಬಿಡುತ್ತೆ. ಏಳು ನಿಮಿಷಕ್ಕೆ ಎರಡು ಸಲ ಸಾಕು.

ಇನ್ನೊಂದು ವಿಷಯ. ಹಳೇ ನೆನಪು ಅಂದ ಕೂಡಲೇ ಎಲ್ಲರೂ ದುಃಖದ ಛಾಯೆಯ ಮೈನರ್ ಸ್ವರಕ್ಕೆ ಇಳಿದುಬಿಡ್ತಾರೆ, ಆಂಟೆನಾ ಕಥೆ ಶ್ರದ್ಧಾಂಜಲಿ ಆಗಿಬಿಡುತ್ತೆ! ಆ ಎ ಮೈನರ್ 7 ಆಗೊಮ್ಮೆ ಈಗೊಮ್ಮೆ ಹಾದು ಹೋಗಲಿ ಸಾಕು, ಅಲ್ಲೇ ನಿಲ್ಲಬೇಡಿ. ಬರವಣಿಗೆಯಲ್ಲೂ "ಆ ದಿನಗಳೇ ಚೆಂದ" ಅನ್ನೋ ಸಾಲು ಕಂಡ್ರೆ ಹೊಡೆದುಹಾಕಿ. ಟಿವಿಯ ಮರದ ಶಟರ್, ಪರದೆ ಮೇಲಿನ ಚುಕ್ಕೆ, ಆಂಟೆನಾ ಮೇಲೆ ಕೂರೋ ಕಾಗೆ, ಇಷ್ಟು ಹೇಳಿದರೆ ಉಳಿದಿದ್ದು ಕೇಳುಗನೇ ತುಂಬಿಕೊಳ್ತಾನೆ.

ಅಟ್ಟದಮೇಲೆ
ಗಿಟಾರ್ ನಿಲ್ಲಿಸಿದಾಗ ಹಿಂದಿನ ಫ್ಯಾನ್ ಸದ್ದು ಎದ್ದು ಕಾಣುತ್ತೆ. ಮತ್ತೆ, ಹಿನ್ನೆಲೆಗೆ ಹಳೇ ಚಿತ್ರಗೀತೆಯ ಟ್ಯೂನ್ ನಾನೇ ನುಡಿಸಿದರೆ ನಡೆಯುತ್ತಾ?

ಆರುತಂತಿ
ಫ್ಯಾನ್ ಆರಿಸಿ ಮಾತು ಮತ್ತೆ ರೆಕಾರ್ಡ್ ಮಾಡೋದೇ ವಾಸಿ. ನಾಯ್ಸ್ ರಿಡಕ್ಷನ್ ಜಾಸ್ತಿ ಹಾಕಿದರೆ ದನಿ ನೀರೊಳಗಿಂದ ಬಂದಂತಾಗುತ್ತೆ. ರೆಕಾರ್ಡ್ ಮಾಡುವಾಗ ಯಾರೂ ಮಾತಾಡದ ಹತ್ತು ಸೆಕೆಂಡ್ ಕೋಣೆ ಸದ್ದನ್ನೂ ಹಿಡಿದಿಡಿ. ಮಾತು ಕತ್ತರಿಸಿದ ಕಡೆಯೆಲ್ಲ ಅದನ್ನು ತುಂಬಿದರೆ ಖಾಲಿ ಅನ್ನಿಸಲ್ಲ.

ಕಾಪಿರೈಟ್_ಕಿಟ್ಟಿ
ನೀವೇ ನುಡಿಸಿದರೂ ಸಂಯೋಜನೆಯ ಹಕ್ಕು ಬೇರೆಯವರದ್ದೇ. ನಮ್ಮ ಕಾನೂನಿನಲ್ಲಿ ಅದು ಸಂಯೋಜಕರ ಜೀವಿತಾವಧಿ, ಆಮೇಲೆ ಇನ್ನೂ 60 ವರ್ಷ. ಹಾಕಿದರೆ ಹಕ್ಕುದಾರರಿಂದ ಕ್ಲೇಮ್ ಬರಬಹುದು. ಹೇಗೂ ಪರಿಚಿತ ಟ್ಯೂನ್ ಬೇಡ: ಕೇಳುಗ ಕಥೆ ಬಿಟ್ಟು ಹಾಡು ಗುನುಗೋಕೆ ಶುರುಮಾಡ್ತಾನೆ. ಮೇಲಿನ ಮೂರು ಹಿಡಿತಗಳನ್ನೇ ತಿರುಗಿಸಿ ನುಡಿಸಿ, ರಾಗ ಅಂತ ಏನೂ ಬೇಡ.