ಕನಜಾವಾದಲ್ಲಿ ಎರಡು ದಿನ: ಮೈಸೂರು ಚಿತ್ರಕ್ಕೆ ಚಿನ್ನದ ರೇಕು, ಮನೆಗೆ ಒಂದೆರಡು ಒಳ್ಳೆ ವಸ್ತು. ಎಲ್ಲಿ ನೋಡಲಿ?

ಕುಂಚದಮನೆ (ಕುವೆಂಪುನಗರ, ಮೈಸೂರು)

ಎಲ್ಲರಿಗೂ ನಮಸ್ಕಾರ. ಮಗಳು ಅಳಿಯ ಜಪಾನಿನ ನಗೋಯಾದಲ್ಲಿದ್ದಾರೆ. ನವೆಂಬರ್‌ನಲ್ಲಿ ಮೂರು ವಾರ ಅವರ ಹತ್ತಿರ ಹೋಗ್ತಿದ್ದೀನಿ. ಟೋಕಿಯೋ, ಕ್ಯೋಟೋ ಎಲ್ಲ ತೋರಿಸ್ತೀವಿ ಅಂತಿದ್ದಾರೆ. ನಾನಾಗಿ ಬಾಯಿಬಿಟ್ಟು ಕೇಳಿದ್ದು ಒಂದೇ ಊರು, ಕನಜಾವಾ. ಎರಡು ದಿನ ಸಿಕ್ಕಿದೆ.

ಇಪ್ಪತ್ತೆರಡು ವರ್ಷದಿಂದ ಮೈಸೂರು ಶೈಲಿಯ ಚಿತ್ರ ಬರೀತಿದ್ದೀನಿ. ಮಕ್ಕಿ ಸಫೇದದಲ್ಲಿ, ಅಂದರೆ ಗೆಸ್ಸೋ ಅನ್ನೋ ಲೇಪದಲ್ಲಿ, ಕಿರೀಟ, ಒಡವೆ, ಸೆರಗಿನ ಅಂಚು ಉಬ್ಬಾಗಿ ಎತ್ತಿ ಅದರ ಮೇಲೆ ರೇಕು ಕೂರಿಸೋದು ನನಗೆ ಅತ್ಯಂತ ಪ್ರೀತಿಯ ಕೆಲಸ. ಮೂರು ವರ್ಷದ ಹಿಂದೆ ಒಂದು ಅಂಗಡಿಯಲ್ಲಿ ಅಪ್ಪಟ ಚಿನ್ನ ಅಂತ ಹೇಳಿ ಕೊಟ್ಟ ರೇಕನ್ನ ನಂಬಿ ಒಂದು ರಾಜರಾಜೇಶ್ವರಿ ಮುಗಿಸಿದೆ. ಎರಡು ಮಳೆಗಾಲ ಕಳೆಯೋದರೊಳಗೆ ಕಿರೀಟದ ಅಂಚು ಹಸಿರು ತಿರುಗಿತು. ಮಾರಿದ್ದ ಚಿತ್ರ. ವಾಪಸ್ ತರಿಸಿಕೊಂಡು, ಕೆರೆದು, ಮತ್ತೆ ಮಾಡಿಕೊಟ್ಟೆ. ದೇವಿಯ ಕಿರೀಟವನ್ನ ನನ್ನ ಕೈಯಿಂದಲೇ ಕೆರೆದ ಸಂಕಟ ಇನ್ನೂ ಇದೆ.

ಜಪಾನಿನ ಚಿನ್ನದ ರೇಕು ಹೆಚ್ಚೂಕಡಿಮೆ ಪೂರ್ತಿ ಕನಜಾವಾದಲ್ಲೇ ಆಗುತ್ತಂತೆ. ನಮ್ಮ ಗೆಸ್ಸೋ ಮೇಲೆ ಅದು ಕೂರುತ್ತಾ? ಕೊಳ್ಳುವಾಗ ಏನು ನೋಡಬೇಕು? ಜೊತೆಗೆ ಮನೆಗೆ ಒಂದೆರಡು ವಸ್ತು ಬೇಕು. ಹಳೇ ಕೈಕೆಲಸವಾದರೂ ಸರಿ, ಇವತ್ತಿನ ವಿನ್ಯಾಸವಾದರೂ ಸರಿ, ದಿನಾ ಬಳಸೋ ಹಾಗಿರಬೇಕು, ಷೋಕೇಸಿಗೆ ಬೇಡ. ಒಟ್ಟು ಮೂವತ್ತು ಸಾವಿರ ರೂಪಾಯಿ ಎತ್ತಿಟ್ಟಿದ್ದೀನಿ. ಹೋಗಿ ಬಂದವರು ದಯವಿಟ್ಟು ಹೇಳಿ.

---

ಏಳನೇಮೇನ್ (ಸರಸ್ವತಿಪುರಂ, ಮೈಸೂರು)

ಅಕ್ಕ, ಆ ಊರಿನ ಹತ್ತಿರ ಒಂದು ಕಾರ್ಖಾನೆಯಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ್ದೆ. ರಜೆ ಸಿಕ್ಕಾಗಲೆಲ್ಲ ಕನಜಾವಾದ ಬೀದಿಗಳಲ್ಲೇ ಇರ್ತಿದ್ದೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೀತೀನಿ.

ಮೊದಲು ರೇಕು. ನೀವು ಕೇಳಿದ್ದು ನಿಜ, ಜಪಾನಿನ ಚಿನ್ನದ ರೇಕಿನಲ್ಲಿ ನೂರಕ್ಕೆ 98ಕ್ಕಿಂತ ಹೆಚ್ಚು ಆ ಊರಿನದೇ. ಅಲ್ಲಿ ವರ್ಷಪೂರ್ತಿ ಗಾಳಿಯಲ್ಲಿ ತೇವ. ಊಟದ ಡಬ್ಬಿ ಮರೆತರೂ ಕೊಡೆ ಮರೀಬೇಡ ಅನ್ನೋದು ಅಲ್ಲಿಯವರ ಗಾದೆ. ಒಣ ಗಾಳಿಯಲ್ಲಿ ಅಷ್ಟು ತೆಳು ಚಿನ್ನ ಕೈಗೆ, ಕಾಗದಕ್ಕೆ ಎಳೆದುಕೊಂಡು ಮುದುರಿಹೋಗುತ್ತೆ. ತೇವ ಇದ್ದರೆ ಹೇಳಿದ ಮಾತು ಕೇಳುತ್ತೆ. ಎಷ್ಟು ತೆಳು ಅಂದರೆ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲು. ಬೆಳಕಿಗೆ ಹಿಡಿದರೆ ಆಚೆ ಕಡೆ ಹಸಿರು ನೀಲಿಯಾಗಿ ಕಾಣುತ್ತೆ. ಮೊದಲ ಸಲ ನೋಡಿದಾಗ ನಾನು ಉಸಿರು ಬಿಗಿಹಿಡಿದು ನಿಂತಿದ್ದೆ.

ಅಲ್ಲಿ ಎರಡು ಪದ್ಧತಿ ಇದೆ, ಇದು ನಿಮಗೆ ಮುಖ್ಯ. ಹಳೇದು ‘ಎನ್‌ತ್ಸುಕೆ’. ಗಂಪಿ ಅನ್ನೋ ಗಿಡದ ನಾರಿನ ಕೈಕಾಗದವನ್ನ ಹುಲ್ಲಿನ ಬೂದಿ ನೀರು, ಪರ್ಸಿಮನ್ ಕಾಯಿಯ ಒಗರು ರಸ, ಮೊಟ್ಟೆ ಇವುಗಳಲ್ಲಿ ಅದ್ದಿ ಹದ ಮಾಡಿ, ಅದರ ನಡುವೆ ಚಿನ್ನ ಇಟ್ಟು ಬಡೀತಾರೆ. ಕಾಗದ ಹದ ಮಾಡೋದೇ ಚಿನ್ನ ಬಡಿಯೋದಕ್ಕಿಂತ ದೊಡ್ಡ ವಿದ್ಯೆ ಅಂತ ಅಲ್ಲಿಯ ಒಬ್ಬ ಹಿರಿಯರು ನನಗೆ ಹೇಳಿದ್ದರು. 2020ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಜಪಾನಿನ ಮರದ ಕಟ್ಟಡ ವಿದ್ಯೆಗಳಲ್ಲಿ ಈ ಎನ್‌ತ್ಸುಕೆಯೂ ಇದೆ. ಹೊಸದು ‘ತಾಚಿಕಿರಿ’, ಸಿದ್ಧ ಕಾಗದದಲ್ಲಿ ಬೇಗ ಆಗುತ್ತೆ, ಬೆಲೆಯೂ ಕಡಿಮೆ. ಕಣ್ಣಲ್ಲೇ ಗುರುತು ಹಿಡೀಬಹುದು. ಎನ್‌ತ್ಸುಕೆಯಲ್ಲಿ ಒಂದೊಂದು ರೇಕನ್ನೂ ಬಿದಿರಿನ ಚೌಕದಲ್ಲಿ ಕತ್ತರಿಸಿ ಅದಕ್ಕಿಂತ ದೊಡ್ಡ ಕಾಗದದ ಮೇಲಿಡ್ತಾರೆ, ಹಾಗಾಗಿ ಸುತ್ತ ಕಾಗದದ ಅಂಚು ಕಾಣುತ್ತೆ. ತಾಚಿಕಿರಿಯಲ್ಲಿ ರೇಕು, ಕಾಗದ ಒಟ್ಟಿಗೇ ಕತ್ತರಿಸೋದರಿಂದ ಅಂಚೇ ಇರಲ್ಲ. ಎರಡೂ ನಿಜವಾದ ಚಿನ್ನವೇ. ಆದರೆ ಎನ್‌ತ್ಸುಕೆಯ ಹೊಳಪು ಮೆತ್ತಗಿರುತ್ತೆ, ನಿಮ್ಮ ಚಿತ್ರಕ್ಕೆ ಅದೇ ಒಪ್ಪುತ್ತೆ ಅಂತ ನನಗನಿಸುತ್ತೆ.

ಅಂಗಡಿಯಲ್ಲಿ ಕೇಳಬೇಕಾದ ಮಾತು ‘ಹೊನ್‌ಕಿನ್‌ಪಾಕು’, ಅಂದರೆ ನಿಜ ಚಿನ್ನದ ರೇಕು. ‘ಯೋಹಾಕು’ ಅಂತ ಇದ್ದರೆ ಅದು ಹಿತ್ತಾಳೆ, ನಿಮ್ಮ ರಾಜರಾಜೇಶ್ವರಿಗೆ ಆದದ್ದು ಅದರಿಂದಲೇ ಇರಬೇಕು. ಮಾಮೂಲಾಗಿ ಬಳಸೋ ‘ನಾಲ್ಕನೇ ಬಣ್ಣ’ದ ರೇಕಿನಲ್ಲಿ ನೂರಕ್ಕೆ 94 ಪಾಲು ಚಿನ್ನ, 5ರ ಹತ್ತಿರ ಬೆಳ್ಳಿ, ಚೂರು ತಾಮ್ರ. ಒಂದು ಹಾಳೆ 109 ಮಿಲಿಮೀಟರ್ ಚೌಕ. ಹಿಗಾಶಿ ಚಾಯಾ ಅನ್ನೋ ಹಳೇ ಬೀದಿಯಲ್ಲಿ ರೇಕಿನ ಅಂಗಡಿಗಳು ಸಾಲಾಗಿವೆ, ಹೆಚ್ಚಿನವರು ಪೆಟ್ಟಿಗೆ, ತಟ್ಟೆ, ಐಸ್‌ಕ್ರೀಮು ಮಾರ್ತಾರೆ. ಚಿತ್ರಕ್ಕೆ ಬಿಡಿ ರೇಕು ಬೇಕು ಅಂತ ಬಿಡಿಸಿ ಹೇಳಿ. ಅದಕ್ಕೂ ಮೊದಲು ಅಲ್ಲೇ ಹತ್ತಿರದ ಯಾಸುಎ ಚಿನ್ನದ ರೇಕಿನ ಮ್ಯೂಸಿಯಂ ನೋಡಿಬಿಡಿ. ಉಪಕರಣ, ಕಾಗದ, ಹಂತಗಳು ಎಲ್ಲ ಕಣ್ಣಾರೆ ಕಂಡಮೇಲೆ ಅಂಗಡಿಯಲ್ಲಿ ಯಾರೂ ನಿಮಗೆ ಬೇರೇನನ್ನೋ ಕೊಡೋಕಾಗಲ್ಲ.

ಇನ್ನು ಮನೆಗೆ. ಚಿನ್ನ ಬಡಿದು ಬಡಿದು ಸವೆದ ಕಾಗದವನ್ನ ಆ ಊರಿನವರು ಎಸೆಯಲಿಲ್ಲ. ಅದು ಮುಖದ ಎಣ್ಣೆ ಹೀರುತ್ತೆ ಅಂತ ಗೊತ್ತಾಗಿ ಮುಖ ಒರೆಸೋ ಕಾಗದ ಮಾಡಿದರು, ಹೆಂಗಸರು ಇವತ್ತಿಗೂ ಪರ್ಸಿನಲ್ಲಿ ಇಟ್ಕೋತಾರೆ. ಹೀಗೇ ಮೆಬೊಸೊ ಹಚಿರೊಬೇ ಅಂತ ಒಂದು ಅಂಗಡಿ, 1575ರಿಂದ ಸೂಜಿ ಮಾಡಿಕೊಂಡು ಬಂದವರು. ಹಕ್ಕಿ ಗರಿ ಕಟ್ಟಿ ಮೀನಿಗೆ ಹುಳುವಿನಂತೆ ಕಾಣೋ ಗಾಳ ಮಾಡ್ತಿದ್ದರು. ಈಗ ಅದೇ ಬೆರಳು, ಅದೇ ಗಂಟು, ಅದೇ ಗರಿಯಲ್ಲಿ ಕಿವಿಯೋಲೆ, ಬ್ರೋಚ್ ಮಾಡ್ತಾರೆ. ನನ್ನ ಹೆಂಡತಿಗೆ ಒಂದು ಜೊತೆ ತಂದಿದ್ದೆ. ನಮ್ಮ ಬೀಟೆ ಮರದ ಇನ್ಲೇ ಕೆಲಸದವರು ಆನೆ, ಹಳ್ಳಿ ಹೆಂಗಸು ಬಿಟ್ಟು ಹೀಗೆ ಬೇರೆ ಏನಾದರೂ ಮಾಡಲಿ ಅಂತ ನನಗೆ ಬಹಳ ಆಸೆ. ಅವರ ಕೈಯಲ್ಲಿ ಆ ಶಕ್ತಿ ಖಂಡಿತ ಇದೆ.

ಹೊಸ ವಿನ್ಯಾಸಕ್ಕೆ 21ನೇ ಶತಮಾನದ ಸಮಕಾಲೀನ ಕಲಾ ಮ್ಯೂಸಿಯಂ ಕಡೆ ಹೋಗಿ. 2004ರಲ್ಲಿ ತೆರೆದದ್ದು, ದುಂಡನೆ ಗಾಜಿನ ಕಟ್ಟಡ, ಮುಂದೆ ಹಿಂದೆ ಅನ್ನೋದೇ ಇಲ್ಲ. ಅದರೊಳಗಿನ ಅಂಗಡಿ ನೋಡಿ, ಆಮೇಲೆ ಹತ್ತಿರದಲ್ಲೇ ಇರೋ ಕನಜಾವಾ ಕ್ರಾಫ್ಟ್ಸ್ ಹಿರೊಸಾಕಾಗೆ ನಡೆದುಹೋಗಿ. ಉಡುಗೊರೆಗೆ ಕಟ್ಟೋ ಕಾಗದದ ದಾರ ‘ಮಿಜುಹಿಕಿ’ ಅಲ್ಲಿ ಸಿಗುತ್ತೆ, ತೂಕವೇ ಇಲ್ಲ. ಕುತಾನಿ ಪಿಂಗಾಣಿಯಲ್ಲಿ ಕೆಂಪು, ಹಳದಿ, ಹಸಿರು, ನೇರಳೆ, ಕಡುನೀಲಿ ಐದು ಬಣ್ಣದ ಪುಟ್ಟ ತಟ್ಟೆಗಳು ಸಿಗ್ತವೆ. ನಮ್ಮ ಮನೇಲಿ ನಾಲ್ಕಿವೆ, ದಿನಾ ಉಪ್ಪಿನಕಾಯಿ ಅದರಲ್ಲೇ.

ಕೊನೇ ಮಾತು. ವಾಜಿಮಾ ಮೆರುಗು ಹಚ್ಚಿದ ಮರದ ಬಟ್ಟಲು ಒಂದಾದರೂ ತನ್ನಿ. ವಾಜಿಮಾ ಅದೇ ಪ್ರಾಂತ್ಯದ ಉತ್ತರದ ಊರು. 2024ರ ಜನವರಿ 1ರ ಭೂಕಂಪದಲ್ಲಿ, ಆಮೇಲೆ ಬಿದ್ದ ಬೆಂಕಿಯಲ್ಲಿ, ಬೆಳಗಿನ ಸಂತೆ ಬೀದಿ ಸುಟ್ಟುಹೋಯಿತು. ಎಷ್ಟೋ ಕೆಲಸಗಾರರ ಮನೆ, ಕೆಲಸದ ಜಾಗ ಎರಡೂ ಹೋದವು. ಕನಜಾವಾದ ಅಂಗಡಿಗಳಲ್ಲಿ ಅವರ ವಸ್ತು ಸಿಗುತ್ತೆ. ಒಳ್ಳೇದು ಒಂದು ಬಟ್ಟಲಿಗೇ ನಿಮ್ಮ ಹಣದಲ್ಲಿ ದೊಡ್ಡ ಪಾಲು ಹೋಗಬಹುದು. ಹೋಗಲಿ ಅಂತಲೇ ನಾನು ಹೇಳೋದು.

---

ಅರಗುಬಣ್ಣ (ಮದ್ದೂರು)

ನಾನು ಜಪಾನ್ ನೋಡಿಲ್ಲ. ಆದರೆ ನಮ್ಮ ಸೋದರಮಾವ ಚನ್ನಪಟ್ಟಣದಲ್ಲಿ ಗೊಂಬೆ ಕಡೆಯೋರು, ಅವರ ಪಕ್ಕದಲ್ಲೇ ಬೆಳೆದೆ. ನನಗೆ ಉಡುಗೊರೆ ಬಂದ ವಾಜಿಮಾ ಬಟ್ಟಲು ಒಂದು ಆರು ವರ್ಷದಿಂದ ಬಳಕೆಯಲ್ಲಿದೆ. ಹಾಗಾಗಿ ಎರಡೂ ಮೆರುಗಿನ ವ್ಯತ್ಯಾಸ ಹೇಳಬಲ್ಲೆ.

ನಮ್ಮದು ಅರಗು, ಹುಳು ಕೊಡೋದು. ಮರ ತಿರುಗುವಾಗ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಕಾವಿಗೆ ಕರಗಿ ಹಿಡಿಯುತ್ತೆ, ಆಮೇಲೆ ತಾಳೆಗರಿಯಲ್ಲಿ ಹೊಳಪು. ಅವರದು ‘ಉರುಶಿ’, ಮರದ ಹಾಲು. ಅದು ಒಣಗಿ ಗಟ್ಟಿಯಾಗೋದಲ್ಲ, ತೇವದ ಪೆಟ್ಟಿಗೆಯಲ್ಲಿಟ್ಟರೆ ಗಟ್ಟಿಯಾಗುತ್ತೆ. ವಾಜಿಮಾದವರು ತಳದ ಪದರಕ್ಕೆ ಅಲ್ಲಿಯದೇ ಸುಟ್ಟ ಮಣ್ಣಿನ ಪುಡಿ ಬೆರೆಸ್ತಾರೆ, ಅದೇ ಅದರ ಗಟ್ಟಿತನ. ನೂರಕ್ಕೂ ಹೆಚ್ಚು ಹಂತ ಅಂತಾರೆ.

ಮೇಡಂ, ನಾನು ಅದರಲ್ಲಿ ಮೊಸರನ್ನ ತಿಂತೀನಿ, ಬಿಸಿ ಸಾರೂ ಹಾಕ್ತೀನಿ, ಕೈ ಸುಡಲ್ಲ. ಸ್ಟೀಲ್ ನಾರಿನಲ್ಲಿ ಮಾತ್ರ ಉಜ್ಜಬೇಡಿ. ಮೈಕ್ರೋವೇವ್ ಬೇಡ, ಬಿಸಿಲಲ್ಲಿ ಒಣಗಿಸೋದೂ ಬೇಡ. ಮೆತ್ತನೆ ಬಟ್ಟೆಯಲ್ಲಿ ತೊಳೆದು ತಕ್ಷಣ ಒರೆಸಿ. ಬಳಸಿದಷ್ಟೂ ಹೊಳಪು ಬರುತ್ತೆ, ಎತ್ತಿಟ್ಟರೆ ಮಂಕಾಗುತ್ತೆ. ಕೊಳ್ಳುವಾಗ ಕೈಯಲ್ಲಿ ಎತ್ತಿ ನೋಡಿ. ಒಳಗೆ ಮರ ಇದ್ದರೆ ಹಗುರ. ಪ್ಲಾಸ್ಟಿಕ್ ಮೇಲೆ ಬಣ್ಣ ಬಳಿದದ್ದೂ ಅದೇ ಆಕಾರದಲ್ಲಿ ಬರುತ್ತೆ, ಚೀಟಿಯಲ್ಲಿ ಏನು ಬರೆದಿದೆ ಅಂತ ಮಗಳ ಹತ್ತಿರ ಓದಿಸಿ.

---

ಪ್ರಯಾಣದಬುತ್ತಿ (ಜಯಲಕ್ಷ್ಮೀಪುರಂ, ಮೈಸೂರು)

ನಗೋಯಾದಿಂದ ‘ಶಿರಸಾಗಿ’ ಅನ್ನೋ ರೈಲು ಹಿಡಿದು ತ್ಸುರುಗಾದಲ್ಲಿ ಶಿಂಕಾನ್ಸೆನ್‌ಗೆ, ಅಂದರೆ ಬುಲೆಟ್ ರೈಲಿಗೆ, ಬದಲಾಯಿಸಬೇಕು. 2024ರ ಮಾರ್ಚ್‌ನಿಂದ ಹೀಗೇ. ಸೋಮವಾರ ಇಟ್ಕೋಬೇಡಿ, ಮೇಲೆ ಹೇಳಿದ ದುಂಡನೆ ಮ್ಯೂಸಿಯಂ ಅವತ್ತು ಸಾಮಾನ್ಯವಾಗಿ ಮುಚ್ಚಿರುತ್ತೆ. 2020ರಲ್ಲಿ ಟೋಕಿಯೋದಿಂದ ಆ ಊರಿಗೆ ಬಂದ ರಾಷ್ಟ್ರೀಯ ಕರಕುಶಲ ಮ್ಯೂಸಿಯಮ್ಮೂ ಅಷ್ಟೇ. ಪಾಸ್‌ಪೋರ್ಟ್ ಜೊತೆಯಲ್ಲೇ ಇರಲಿ, ಪ್ರವಾಸಿಗಳಿಗೆ ಶೇಕಡಾ 10 ತೆರಿಗೆ ಬಿಡೋ ಅಂಗಡಿಗಳಲ್ಲಿ ಅದನ್ನ ಕೇಳ್ತಾರೆ, ಒಂದೇ ಅಂಗಡಿಯಲ್ಲಿ ಕನಿಷ್ಠ 5,000 ಯೆನ್ ಆಗಬೇಕು. 2026ರ ನವೆಂಬರ್ 1ರಿಂದ ಮೊದಲು ತೆರಿಗೆ ಕಟ್ಟಿ ವಿಮಾನ ನಿಲ್ದಾಣದಲ್ಲಿ ವಾಪಸ್ ಪಡೆಯೋ ಪದ್ಧತಿ ಬರುತ್ತೆ. ಹಳೇ ಸಾಮಾನಿನ ಅಂಗಡಿಯಲ್ಲಿ ದಂತದ ಗೊಂಬೆ, ಗುಂಡಿ ಎಷ್ಟೇ ಚೆನ್ನಾಗಿದ್ದರೂ ಮುಟ್ಟಬೇಡಿ ಮೇಡಂ, ನಮ್ಮ ದೇಶಕ್ಕೆ ತರೋ ಹಾಗಿಲ್ಲ.

---

ಕುಂಚದಮನೆ (ಕುವೆಂಪುನಗರ, ಮೈಸೂರು)

ಮೂವರಿಗೂ ಮನಸಾರೆ ವಂದನೆ. ಏಳನೇಮೇನ್ ಅವರೇ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ವಾಜಿಮಾ ಬಟ್ಟಲು ಒಂದು, ಉಳಿದದ್ದರಲ್ಲಿ ಎನ್‌ತ್ಸುಕೆ ರೇಕು ಅಂತ ಆಗಲೇ ತೀರ್ಮಾನ ಮಾಡಿಬಿಟ್ಟೆ. ಒಂದೇ ಅನುಮಾನ. ನಾನು ಈಗ ಬಳಸೋ ರೇಕನ್ನ ಕತ್ತರಿಯಲ್ಲಿ ಕತ್ತರಿಸಿ ಬೆರಳಲ್ಲೇ ಎತ್ತಿ ಒತ್ತುತ್ತೀನಿ. ಅಷ್ಟು ತೆಳುವಾದದ್ದನ್ನ ಹೇಗೆ ಎತ್ತೋದು?

---

ಏಳನೇಮೇನ್ (ಸರಸ್ವತಿಪುರಂ, ಮೈಸೂರು)

ಬೆರಳು ತಗುಲಿದರೆ ಬೆರಳಿಗೇ ಅಂಟಿ ಹೋಗುತ್ತೆ ಅಕ್ಕ. ರೇಕಿನ ಜೊತೆಗೇ ಬಿದಿರಿನ ಚಿಮಟ, ಬಿದಿರಿನ ಚಾಕು ತಗೊಳ್ಳಿ. ಲೋಹದ್ದಕ್ಕೆ ಅಂಟುತ್ತೆ, ಬಿದಿರಿಗೆ ಅಂಟಲ್ಲ. ನಿಮ್ಮ ಗೆಸ್ಸೋ ಈಗ ಮಾಡೋದಕ್ಕಿಂತ ನಯವಾಗಿರಬೇಕು, ಒಂದು ಮರಳಿನ ಕಾಳಿದ್ದರೂ ಈ ರೇಕು ಮುಚ್ಚಿಡಲ್ಲ. ಸಾಧ್ಯವಾದರೆ ಅಂಗೈಯಗಲದ ಹಲಗೆ ಮೇಲೆ ಒಂದು ಕಿರೀಟ ಎತ್ತಿ ಒಣಗಿಸಿ ಚೀಲದಲ್ಲಿ ಇಟ್ಕೊಂಡು ಹೋಗಿ. ರೇಕು ಅಂಟಿಸೋದು ಕಲಿಸಿಕೊಡೋ ಅಂಗಡಿಗಳು ಹಿಗಾಶಿ ಚಾಯಾ ಸುತ್ತ ಇವೆ, ಅವರಿಗೆ ಅದನ್ನ ತೋರಿಸಿ ಕೇಳಿ. ಮೈಸೂರಿಗೆ ತಂದಮೇಲೆ ಮೊದಲ ಹಾಳೆ ಬಿಚ್ಚೋದು ಜೋರು ಮಳೆ ಹಿಡಿದ ದಿನ ಆಗಲಿ. ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ.