ಪದಚರ್ಚೆ: ‘ಹಾಟ್ ಸೀಟ್’ ಮೇಲಿರುವ ಫುಟ್‌ಬಾಲ್ ಕೋಚ್‌ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಪಿಟ್ಸ್‌ಬರ್ಗ್‌ನಿಂದ ಬರೆಯುತ್ತಿದ್ದೇನೆ. ನಮ್ಮ ಕನ್ನಡ ಕೂಟದ ಸಂಚಿಕೆಗೆ ಅಮೆರಿಕನ್ ಫುಟ್‌ಬಾಲ್ ಬಗ್ಗೆ ಒಂದು ಬರಹ ಒಪ್ಪಿಕೊಂಡಿದ್ದೇನೆ. ಮಕ್ಕಳ ಮನೆಗೆಂದು ಊರಿಂದ ಬಂದು ಆರು ತಿಂಗಳು ಇಲ್ಲಿರುವ ಅಪ್ಪ ಅಮ್ಮಂದಿರಿಗಾಗಿ ಅದು. ಭಾನುವಾರ ಮನೆಯವರೆಲ್ಲ ಟಿವಿ ಮುಂದೆ ಕೂತಾಗ ಅವರಿಗೂ ಆಟ ಅರ್ಥವಾಗಲಿ ಅಂತ ಆಸೆ. ನಿಯಮಗಳನ್ನು ಬರೆದು ಮುಗಿಸಿದೆ. ನಿಂತಿದ್ದು ಒಂದೇ ಕಡೆ. ಪ್ರತಿ ತಂಡದಲ್ಲೂ ‘ಅಫೆನ್ಸಿವ್ ಕೋಆರ್ಡಿನೇಟರ್’ ಅಂತ ಒಬ್ಬರು ಕೋಚ್ ಇರುತ್ತಾರೆ. ಅವರ ಕೆಲಸ ಇವತ್ತು ಇದ್ದರೆ ನಾಳೆ ಇಲ್ಲ. ಈ ಸ್ಥಿತಿಯನ್ನು ಹೇಳಲು ಕನ್ನಡದಲ್ಲಿ ಯಾವ ಮಾತು ಸರಿ? ಅವರನ್ನು ತೆಗೆದಾಗ ಯಾವ ಕ್ರಿಯಾಪದ ಹಾಕಬೇಕು? ಒಂದೊಂದು ಪದವೂ ಒಂದೊಂದು ಕಡೆ ಎಳೆಯುತ್ತಿದೆ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ದಯವಿಟ್ಟು ಓದಿ.

ಮೊದಲು ಹುದ್ದೆಯ ಹೆಸರು. ಕಂಪ್ಯೂಟರ್ ಅನುವಾದ ‘ಆಕ್ರಮಣಕಾರಿ ಸಂಯೋಜಕ’ ಅನ್ನುತ್ತದೆ. ಅದನ್ನು ಓದಿದರೆ ಯಾರೋ ಜಗಳಗಂಟ ಅನ್ನಿಸುತ್ತದೆ. ಈ ಆಟದಲ್ಲಿ ಚೆಂಡು ನಮ್ಮ ಕೈಲಿದ್ದಾಗ ಆಡುವ ಹನ್ನೊಂದು ಜನ ಬೇರೆ, ಎದುರಾಳಿಯ ಕೈಲಿದ್ದಾಗ ತಡೆಯುವ ಹನ್ನೊಂದು ಜನ ಬೇರೆ. ಕಬಡ್ಡಿಯಿಂದಾಗಿ ದಾಳಿ, ರಕ್ಷಣೆ ಎರಡೂ ನಮಗೆ ಬಾಯಲ್ಲಿರುವ ಪದಗಳು. ಹಾಗಾಗಿ ‘ದಾಳಿ ಕೋಚ್’, ‘ರಕ್ಷಣೆ ಕೋಚ್’ ಅಂತ ಇಟ್ಟುಕೊಂಡಿದ್ದೇನೆ. ಚೆಂಡನ್ನು ಒದೆಯುವ ಸಂದರ್ಭಗಳಿಗೆ ಇನ್ನೊಬ್ಬ ಕೋಚ್ ಇರುತ್ತಾರೆ. ಈ ಮೂವರ ಮೇಲೆ ಮುಖ್ಯ ಕೋಚ್. ಇಷ್ಟರಲ್ಲಿ ನನಗೆ ಗೊಂದಲವಿಲ್ಲ.

‘ಪ್ಲೇ’ ಅನ್ನುವುದಕ್ಕೆ ‘ಪಟ್ಟು’ ಅಂತ ಬರೆದೆ. ಕುಸ್ತಿಯ ಪಟ್ಟಿನ ಹಾಗೆ ಇದನ್ನೂ ಮೊದಲೇ ಕಲಿತು, ಹೊತ್ತು ನೋಡಿ ಹಾಕಬೇಕು. ಯಾವ ಪಟ್ಟು ಅಂತ ಸಾಮಾನ್ಯವಾಗಿ ದಾಳಿ ಕೋಚ್ ಹೇಳುತ್ತಾರೆ. ಕೆಲವು ತಂಡಗಳಲ್ಲಿ ಮುಖ್ಯ ಕೋಚೇ ಆ ಕೆಲಸ ಇಟ್ಟುಕೊಂಡಿರುತ್ತಾರೆ. ಒಂದು ಪಟ್ಟು ಮುಗಿದ ಮೇಲೆ ಮುಂದಿನದಕ್ಕೆ 40 ಸೆಕೆಂಡು. ಮೈದಾನದಲ್ಲಿ ದಾಳಿಯನ್ನು ನಡೆಸುವ ಆಟಗಾರ ಕ್ವಾರ್ಟರ್‌ಬ್ಯಾಕ್. ಅವರ ಹೆಲ್ಮೆಟ್‌ನಲ್ಲಿ ಒಂದು ಚಿಕ್ಕ ರೇಡಿಯೋ ಇರುತ್ತದೆ. ಗಡಿಯಾರದಲ್ಲಿ 15 ಸೆಕೆಂಡು ಉಳಿದಾಗ ಅದು ತಾನಾಗಿ ಬಂದ್ ಆಗುತ್ತದೆ. ಅಂದರೆ ಯೋಚಿಸಿ, ಹೇಳಿ, ಅರ್ಥ ಮಾಡಿಸೋದಕ್ಕೆ 25 ಸೆಕೆಂಡು. ಹೋಟೆಲ್ ಮೆನು ಕಾರ್ಡ್‌ನಷ್ಟು ದೊಡ್ಡ, ಪ್ಲಾಸ್ಟಿಕ್ ಹೊದಿಸಿದ ಹಾಳೆ ಅವರ ಕೈಲಿರುತ್ತದೆ. ಅದರ ತುಂಬ ಬಣ್ಣಬಣ್ಣದ ಚೌಕಗಳು, ಇರುವೆಯಂಥ ಅಕ್ಷರ. ಮಾತಾಡುವಾಗ ಆ ಹಾಳೆಯನ್ನೇ ಬಾಯಿಗೆ ಅಡ್ಡ ಹಿಡಿಯುತ್ತಾರೆ, ಎದುರಿನವರು ತುಟಿ ಓದಬಾರದು ಅಂತ. ಹೀಗೆ ಒಂದು ಪಂದ್ಯದಲ್ಲಿ ಸುಮಾರು 60 ಸಲ. ಪಟ್ಟು ಕೈಕೊಟ್ಟರೆ ಅರವತ್ತು ಸಾವಿರ ಜನರ ಎದುರು ಕೈಕೊಡುತ್ತದೆ. ನೋಡುವ ಪ್ರತಿಯೊಬ್ಬರಿಗೂ ‘ಇದರ ಬದಲು ಅದನ್ನು ಮಾಡಬಹುದಿತ್ತು’ ಅನ್ನಿಸುತ್ತದೆ. ಇಷ್ಟು ಬಯಲಲ್ಲಿ ನಡೆಯುವ ಕೆಲಸ ಜಾಸ್ತಿ ಇಲ್ಲ. ಇವರ ಕುರ್ಚಿ ಯಾಕೆ ಅಲುಗಾಡುತ್ತದೆ ಅನ್ನೋದು ಇಲ್ಲೇ ಇದೆ.

ಈಗ ಮೊದಲ ತೊಡಕು, ‘ಹಾಟ್ ಸೀಟ್’. ಇಲ್ಲಿನ ಪತ್ರಿಕೆಗಳಲ್ಲಿ ಸೋಲು ಹೆಚ್ಚಾದ ಕೂಡಲೇ ಈ ಮಾತು ಬರುತ್ತದೆ. ಕೆಲಸ ಹೋಗುವ ಅಂಚಿನಲ್ಲಿದ್ದಾರೆ ಅಂತ ಅರ್ಥ. ಕನ್ನಡಿಗರಿಗೆ ‘ಹಾಟ್ ಸೀಟ್’ ಅಂದರೆ ಪುನೀತ್ ರಾಜ್‌ಕುಮಾರ್ ಎದುರಿಗೆ, ಟಿವಿ ಕ್ವಿಜ್‌ನಲ್ಲಿ ಕೋಟಿ ರೂಪಾಯಿಗೆ ಕೂರುತ್ತಿದ್ದ ಕುರ್ಚಿ. ಆ ಕುರ್ಚಿ ಸಿಕ್ಕರೆ ಪುಣ್ಯ ಅಂತ ಜನ ಕುಣಿದಾಡಿದ್ದನ್ನು ನಾವೆಲ್ಲ ನೋಡಿದ್ದೇವೆ. ನಮ್ಮ ಅಪ್ಪ ಅಮ್ಮಂದಿರು ‘ಕೋಚ್ ಹಾಟ್ ಸೀಟ್ ಮೇಲಿದ್ದಾರೆ’ ಅಂತ ಓದಿದರೆ ಪೂರ್ತಿ ಉಲ್ಟಾ ತಿಳಿಯುತ್ತಾರೆ. ‘ಬಿಸಿ ಕುರ್ಚಿ’ ಅಂದರೆ ಏನೂ ತಿಳಿಯುವುದಿಲ್ಲ. ‘ಮುಳ್ಳಿನ ಮೇಲೆ ಕೂತ ಹಾಗೆ’ ಅನ್ನಬಹುದು, ಆದರೆ ಅದು ಒಳಗಿನ ಚಡಪಡಿಕೆ. ಹುದ್ದೆ ಹೋಗುವ ಮಾತು ಅದರಲ್ಲಿಲ್ಲ. ‘ತಲೆ ಮೇಲೆ ತೂಗುಗತ್ತಿ’ ಹತ್ತಿರ ಬರುತ್ತದೆ. ನನಗೆ ಎಲ್ಲಕ್ಕಿಂತ ಸರಿ ಅನ್ನಿಸಿದ್ದು ನಮ್ಮ ರಾಜಕೀಯ ವರದಿಗಳ ಮಾತೇ: ‘ಕುರ್ಚಿ ಅಲುಗಾಡುತ್ತಿದೆ’. ಮುಖ್ಯಮಂತ್ರಿ ಕುರ್ಚಿ ಬಗ್ಗೆ ಓದಿ ಓದಿ ನಮ್ಮ ಜನಕ್ಕೆ ಇದು ಅಭ್ಯಾಸ. ಯಾರೋ ಅಲುಗಾಡಿಸುತ್ತಿದ್ದಾರೆ ಅನ್ನೋ ಸೂಚನೆಯೂ ಅದರೊಳಗಿದೆ.

ಎರಡನೆಯದು ದೊಡ್ಡ ತೊಡಕು. ಇದಕ್ಕೆ ನಮ್ಮೂರಲ್ಲೇ ನಡೆದ ಒಂದು ಸಂಗತಿ ಹೇಳಬೇಕು.

ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡಕ್ಕೆ 2021ರಿಂದ ಮ್ಯಾಟ್ ಕೆನಡಾ ಅನ್ನುವವರು ದಾಳಿ ಕೋಚ್ ಆಗಿದ್ದರು. ಅಂಕ ಏಳುತ್ತಿರಲಿಲ್ಲ. 2023ರ ಸೆಪ್ಟೆಂಬರ್ 18ರ ರಾತ್ರಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಜತೆ ಇಲ್ಲಿ ಪಂದ್ಯ. ಕ್ರೀಡಾಂಗಣದಲ್ಲಿ ಜನ ಒಂದೇ ದನಿಯಲ್ಲಿ ‘ಫೈರ್ ಕೆನಡಾ, ಫೈರ್ ಕೆನಡಾ’ ಅಂತ ಕೂಗಲು ಶುರು ಮಾಡಿದರು. ನಮ್ಮ ಅಮ್ಮ ತೀರ್ಥಹಳ್ಳಿಯಿಂದ ಬಂದಿದ್ದರು. ಮೊರ ಮಡಿಲಲ್ಲಿಟ್ಟುಕೊಂಡು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದವರು ತಲೆ ಎತ್ತಿ, ‘ಕೆನಡಾದಲ್ಲಿ ಬೆಂಕಿ ಬಿತ್ತೇನೋ?’ ಅಂದರು. ‘ಇಲ್ಲಮ್ಮ, ಅವರು ಕೋಚ್, ಕೆಲಸದಿಂದ ತೆಗೀರಿ ಅಂತಿದ್ದಾರೆ’ ಅಂದೆ. ‘ಸೋತರಾ?’ ‘ಇಲ್ಲ, ಗೆಲ್ತಿದ್ದಾರೆ.’ ಅಮ್ಮ ಸೊಪ್ಪು ಕೆಳಗಿಟ್ಟರು. ಆವತ್ತು ಸ್ಟೀಲರ್ಸ್ 26-22ರಲ್ಲಿ ಗೆದ್ದಿತು. ಆದರೆ ಎರಡು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೆರೆ ದಾಟಿಸಿ ಗಳಿಸುವ ಅಂಕ) ತಂದವರು ರಕ್ಷಣೆಯವರು. ಜನರ ಸಿಟ್ಟು ಅದಕ್ಕೆ.

ಎರಡು ತಿಂಗಳಾದ ಮೇಲೆ, ನವೆಂಬರ್ 19ರಂದು, ಅದೇ ಬ್ರೌನ್ಸ್ ವಿರುದ್ಧ 13-10ರಲ್ಲಿ ಸೋಲಾಯಿತು. 21ಕ್ಕೆ ಕೆನಡಾ ಅವರ ಕೆಲಸ ಹೋಯಿತು. ತಂಡ ಆಗ ಹತ್ತರಲ್ಲಿ ಆರು ಗೆದ್ದಿತ್ತು. 1969ರಿಂದ ಅಲ್ಲಿವರೆಗೆ ಮೂವರನ್ನೇ ಮುಖ್ಯ ಕೋಚ್ ಆಗಿ ನೋಡಿದ ತಂಡ ಇದು: ಚಕ್ ನೋಲ್, ಬಿಲ್ ಕೌವರ್, ಮೈಕ್ ಟಾಮ್ಲಿನ್. ಸೀಸನ್ ನಡುವೆ ಕೋಚ್ ಬದಲಾಯಿಸಿದ್ದು 1941ರ ನಂತರ ಇದೇ ಮೊದಲು ಅಂತ ಪತ್ರಿಕೆಗಳು ಬರೆದವು. ಮುಂದಿನ ಭಾನುವಾರವೇ ತಂಡ ಸಿನ್ಸಿನಾಟಿಯಲ್ಲಿ 421 ಗಜ ಮುಂದೆ ಸಾಗಿ 16-10ರಲ್ಲಿ ಗೆದ್ದಿತು. ಕೆನಡಾ ಅವರು ದಾಳಿ ನಡೆಸಿದ ಎರಡೂವರೆ ಸೀಸನ್‌ನಲ್ಲಿ ಒಮ್ಮೆಯೂ 400 ಗಜ ದಾಟಿರಲಿಲ್ಲ.

ಇದನ್ನು ಕನ್ನಡದಲ್ಲಿ ಹೇಗೆ ಹೇಳೋದು? ‘ವಜಾ’ ಅಂತ ಬರೆದು ಹೊಡೆದು ಹಾಕಿದೆ. ಅರ್ಜಿ ವಜಾ ಆಗುತ್ತದೆ, ಲೆಕ್ಕದಲ್ಲಿ ಮುಂಗಡ ವಜಾ ಮಾಡುತ್ತೇವೆ, ಅದೆಲ್ಲ ಸರಿ. ಆದರೆ ಸರ್ಕಾರಿ ನೌಕರಿಯ ನಿಯಮದಲ್ಲಿ ‘ಸೇವೆಯಿಂದ ತೆಗೆಯುವುದು’ ಬೇರೆ, ‘ವಜಾ’ ಬೇರೆ. ತೆಗೆದರೆ ಮತ್ತೆ ಸರ್ಕಾರಿ ಕೆಲಸಕ್ಕೆ ಸೇರಲು ಅಡ್ಡಿಯಿಲ್ಲ. ವಜಾ ಆದರೆ ಸಾಮಾನ್ಯವಾಗಿ ಆ ಬಾಗಿಲು ಮುಚ್ಚಿತು. ಈ ಕೋಚ್‌ಗಳ ಕಥೆ ಹಾಗಲ್ಲ. ಒಂದು ಊರಲ್ಲಿ ಕೆಲಸ ಹೋದವರಿಗೆ ಇನ್ನೊಂದು ಊರಲ್ಲಿ ಅದೇ ಕೆಲಸ ಸಿಗುತ್ತದೆ.

‘ಕೊಕ್’ ಚೆನ್ನಾಗಿದೆ. ತಂಡದಿಂದ ಕೊಕ್, ಸಂಪುಟದಿಂದ ಕೊಕ್ ಅಂತ ಪತ್ರಿಕೆಗಳಲ್ಲಿ ದಿನಾ ಓದುತ್ತೇವೆ. ಇದು ಕೊಕ್ಕೊ ಆಟದಿಂದಲೇ ಬಂದಿರಬೇಕು ಅಂತ ನನ್ನ ಊಹೆ. ಆಟದಲ್ಲಿ ಮಾತ್ರ ಕೊಕ್ ಸಿಕ್ಕವರು ಎದ್ದು ಓಡುತ್ತಾರೆ, ಆಡಲು ಅವಕಾಶ ಸಿಗುವುದೇ ಆಗ. ಪತ್ರಿಕೆಯಲ್ಲಿ ಕೊಕ್ ಸಿಕ್ಕವರು ಆಟದಿಂದಲೇ ಆಚೆ. ಅರ್ಥ ಹೇಗೆ ಮಗುಚಿಕೊಂಡಿತು ಅಂತ ಬಲ್ಲವರು ಬರೆದರೆ ಸಂತೋಷ. ಶೀರ್ಷಿಕೆಗೆ ಈ ಪದ ಸರಿ, ಬರಹದೊಳಗೆ ಸ್ವಲ್ಪ ಹಗುರ ಅನ್ನಿಸುತ್ತದೆ.

‘ತಲೆದಂಡ’ಕ್ಕೆ ಬಂದಾಗ ನಾನು ತುಂಬ ಹೊತ್ತು ನಿಂತೆ. ವಚನಗಳಲ್ಲಿ ಈ ಪದಕ್ಕೆ ಆಣೆಯ ದನಿ ಇದೆ. ತಪ್ಪಿದರೆ ನನ್ನ ತಲೆ ತೆಗೆಯಿರಿ ಅಂತ ತಾನೇ ಮುಂದೆ ಬಂದು ಹೇಳುವ ಮಾತು. ಇವತ್ತು ‘ಸಚಿವರ ತಲೆದಂಡ’ ಅಂದರೆ ಆದದ್ದಕ್ಕೆ ಯಾರಾದರೂ ಹೊಣೆ ಹೊರಲೇಬೇಕು, ಇವರು ಹೊತ್ತರು ಅಂತ. ಆ ಹೊಣೆಯಲ್ಲಿ ಅವರ ಪಾಲೂ ಇತ್ತು ಅನ್ನೋದು ಒಳಗೇ ಬರುತ್ತದೆ. ಮ್ಯಾಟ್ ಕೆನಡಾ ಅವರಿಗೆ ಈ ಪದ ಒಪ್ಪುತ್ತದೆ ಅಂತ ನನಗನ್ನಿಸುತ್ತದೆ.

ಆದರೆ ಅದೇ ತಿಂಗಳು ಬಫಲೋ ಬಿಲ್ಸ್ ತಂಡದಲ್ಲಿ ನಡೆದದ್ದಕ್ಕೆ ಒಪ್ಪುವುದಿಲ್ಲ. ನವೆಂಬರ್ 13, ಎದುರಾಳಿ ಡೆನ್ವರ್. ಬಫಲೋ ಒಂದು ಅಂಕ ಮುಂದಿತ್ತು. ಕೊನೆಯ ಗಳಿಗೆಯಲ್ಲಿ ಡೆನ್ವರ್‌ನವರು ಒದ್ದ ಚೆಂಡು ಗುರಿ ತಪ್ಪಿತು. ಬಫಲೋ ಗೆದ್ದೇ ಬಿಟ್ಟಿತು ಅಂದುಕೊಳ್ಳುವಷ್ಟರಲ್ಲಿ ದಂಡ ಬಿತ್ತು. ಮೈದಾನದಲ್ಲಿ ಹನ್ನೊಂದು ಜನ ಇರಬೇಕಾದ ಕಡೆ ಬಫಲೋದವರು ಹನ್ನೆರಡು ಜನ ಇದ್ದರು. ಡೆನ್ವರ್ ಇನ್ನೂ ಹತ್ತಿರದಿಂದ ಮತ್ತೆ ಒದ್ದು 24-22ರಲ್ಲಿ ಗೆದ್ದಿತು. ಹನ್ನೆರಡನೆಯವರು ನಿಂತಿದ್ದು ಒದೆತ ತಡೆಯುವ ಗುಂಪಿನಲ್ಲಿ. ಆದರೆ ಮಾರನೇ ದಿನ ಕೆಲಸ ಹೋಗಿದ್ದು ದಾಳಿ ಕೋಚ್ ಕೆನ್ ಡಾರ್ಸಿ ಅವರದು. ಆ ರಾತ್ರಿ ಅವರ ದಾಳಿ ನಾಲ್ಕು ಸಲ ಚೆಂಡು ಕಳೆದುಕೊಂಡಿತ್ತು, ಅದನ್ನು ಮುಚ್ಚಿಡಬಾರದು. ಆದರೂ ಈ ಸುದ್ದಿ ಹೇಳಿದಾಗ ಅಮ್ಮ ಅಂದದ್ದು ಒಂದೇ ಮಾತು: ‘ಪಾಪ, ಅವನ ತಲೆಗೆ ಕಟ್ಟಿದರು.’

ತಲೆಗೆ ಕಟ್ಟೋದು! ನಾನು ವಾರಗಟ್ಟಲೆ ನಿಘಂಟು ತಿರುಗಿಸಿದ್ದೆ, ಈ ಮಾತು ಹೊಳೆದಿರಲಿಲ್ಲ. ತಲೆದಂಡದಲ್ಲಿ ತಲೆ ಹೋಗುತ್ತದೆ. ಇಲ್ಲಿ ತಲೆ ಇರುತ್ತದೆ, ಬೇರೆಯವರ ತಪ್ಪು ಅದರ ಮೇಲೆ ಬಂದು ಕೂರುತ್ತದೆ. ಇಂಗ್ಲಿಷಿನ ‘ಫೈರ್’ಗೆ ಈ ಎರಡೂ ಒಂದೇ. ಕನ್ನಡದಲ್ಲಿ ಕ್ರಿಯಾಪದ ಆರಿಸಿದ ಕೂಡಲೇ ತಪ್ಪು ಯಾರದು ಅಂತ ನಾವು ತೀರ್ಪು ಕೊಟ್ಟಂತಾಗುತ್ತದೆ. ಬರೆಯುವವರಿಗೆ ಇದು ದೊಡ್ಡ ಜವಾಬ್ದಾರಿ ಅಲ್ವಾ?

‘ಹರಕೆಯ ಕುರಿ’ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಕುರಿ ಕೊಡುವವರು ತಮಗಾಗಿ ಏನೋ ಬೇಡಿಕೊಂಡಿರುತ್ತಾರೆ. 2024ರಲ್ಲಿ ಶಿಕಾಗೋ ಬೇರ್ಸ್ ಒಂಬತ್ತೇ ಪಂದ್ಯಕ್ಕೆ ದಾಳಿ ಕೋಚ್ ಶೇನ್ ವಾಲ್ಡ್ರನ್ ಅವರನ್ನು ನವೆಂಬರ್ 12ರಂದು ತೆಗೆಯಿತು. ಸೋಲು ನಿಲ್ಲಲಿಲ್ಲ. 29ಕ್ಕೆ ಮುಖ್ಯ ಕೋಚ್ ಮ್ಯಾಟ್ ಎಬರ್‌ಫ್ಲೂಸ್ ಅವರೂ ಹೊರಗೆ. ವಾಲ್ಡ್ರನ್ ಜಾಗಕ್ಕೆ ಬಂದಿದ್ದ ಥಾಮಸ್ ಬ್ರೌನ್ ಅದೇ ತಿಂಗಳು ಹಂಗಾಮಿ ಮುಖ್ಯ ಕೋಚ್ ಆದರು. ಇಲ್ಲಿ ‘ಹರಕೆಯ ಕುರಿ’ ಅಂದರೆ ಮುಖ್ಯ ಕೋಚ್ ಮನಸ್ಸಿನಲ್ಲಿ ಏನಿತ್ತು ಅಂತಲೂ ನಾನೇ ಹೇಳಿದ ಹಾಗೆ. ಅದನ್ನು ನಾನು ಹೇಗೆ ಹೇಳಲಿ? ಬಿಟ್ಟೆ.

ಇನ್ನು ‘ಉದ್ಯೋಗ ಭದ್ರತೆ’. ಇದು ಪಾಠಪುಸ್ತಕದ ಮಾತು, ಬಳಸಬಹುದು. ಆದರೆ ಈ ಕೋಚ್‌ಗಳಿಗೆ ಸಾಮಾನ್ಯವಾಗಿ ವರ್ಷಗಳ ಲೆಕ್ಕದ ಕರಾರು ಇರುತ್ತದೆ. ಮಧ್ಯೆ ತೆಗೆದರೂ ಉಳಿದ ಅವಧಿಯ ಸಂಬಳ ಬರುತ್ತದೆ. ಅಂದರೆ ಸಂಬಳ ಭದ್ರ, ಹುದ್ದೆ ಭದ್ರವಲ್ಲ. ‘ಗುತ್ತಿಗೆ ಕೆಲಸ’ ಅಂದರೂ ತಪ್ಪು ಚಿತ್ರ ಬರುತ್ತದೆ. ನಮ್ಮಲ್ಲಿ ಗುತ್ತಿಗೆ ನೌಕರರಿಗೆ ಅದೂ ಇಲ್ಲ ಇದೂ ಇಲ್ಲ. ಗೆದ್ದರೂ ಈ ಕುರ್ಚಿಯಲ್ಲಿ ಜಾಸ್ತಿ ದಿನ ಇರುವುದಿಲ್ಲ. ಡೆಟ್ರಾಯ್ಟ್‌ನ ದಾಳಿ ಕೋಚ್ ಬೆನ್ ಜಾನ್ಸನ್ ಮೂರು ಸೀಸನ್ ಚೆನ್ನಾಗಿ ನಡೆಸಿ, 2025ರ ಜನವರಿಯಲ್ಲಿ ಇದೇ ಶಿಕಾಗೋಕ್ಕೆ ಮುಖ್ಯ ಕೋಚ್ ಆಗಿ ಹೋದರು. ಇದನ್ನೆಲ್ಲ ಒಟ್ಟಿಗೆ ಹಿಡಿಯಲು ‘ಕುರ್ಚಿ ಗಟ್ಟಿ ಇಲ್ಲ’ ಅಂತ ಬರೆದಿದ್ದೇನೆ. ಸಂಬಂಧ ಗಟ್ಟಿಯಾಯಿತು, ಮಾತು ಗಟ್ಟಿಯಾಯಿತು ಅನ್ನುವಾಗಿನ ‘ಗಟ್ಟಿ’ ಅದು.

ಕೆಲವು ಸಲ ದಾಳಿ ಕೋಚ್ ಹುದ್ದೆಯಲ್ಲೇ ಇರುತ್ತಾರೆ, ಪಟ್ಟು ಹೇಳುವ ಅಧಿಕಾರವನ್ನು ಮುಖ್ಯ ಕೋಚ್ ವಾಪಸ್ ತೆಗೆದುಕೊಳ್ಳುತ್ತಾರೆ. ಇದಕ್ಕೆ ಯೋಚಿಸಲೇ ಬೇಕಾಗಲಿಲ್ಲ. ‘ಖಾತೆ ಇಲ್ಲದ ಮಂತ್ರಿ’ ನಮ್ಮಲ್ಲಿ ಸಿದ್ಧವಾಗಿಯೇ ಇದೆ.

ಡಾರ್ಸಿ ಮುಂದೇನಾದರು ಅಂತ ಅಮ್ಮ ಊರಿಂದ ಫೋನ್ ಮಾಡಿದಾಗ ಕೇಳಿದ್ದರು. 2024ಕ್ಕೆ ಕ್ಲೀವ್‌ಲ್ಯಾಂಡ್‌ನಲ್ಲಿ ಅದೇ ಕೆಲಸ ಸಿಕ್ಕಿತು, ಸೀಸನ್ ಮುಗಿದ ಕೂಡಲೇ ಅಲ್ಲೂ ಹೋಯಿತು ಅಂದೆ. ಬಫಲೋದಲ್ಲಿ ಅವರ ಜಾಗಕ್ಕೆ ಬಂದ ಜೋ ಬ್ರಾಡಿ ಕೂಡ 2021ರ ಡಿಸೆಂಬರ್‌ನಲ್ಲಿ ಕ್ಯಾರೊಲೈನಾದಲ್ಲಿ ಕೆಲಸ ಕಳೆದುಕೊಂಡವರೇ. ಅವರು ಬಂದ ಮೇಲೆ ಬಫಲೋ ಏಳರಲ್ಲಿ ಆರು ಗೆದ್ದಿತು. ಇವರೆಲ್ಲರ ಬಗ್ಗೆ ಸುಮ್ನೆ ‘ಕೆಲಸ ಹೋಯಿತು’ ಅಂತಲೇ ಬರೆಯೋಣವೇ ಅಂತ ಈಗ ಅನ್ನಿಸುತ್ತಿದೆ. ಆ ಮಾತಿನಲ್ಲಿ ತೆಗೆದವರೂ ಇಲ್ಲ, ತಪ್ಪೂ ಇಲ್ಲ. ಮನೆಯಲ್ಲಿ ನಾವು ನಿಜವಾಗಿ ಆಡುವುದೂ ಅದನ್ನೇ.

ನನ್ನ ಪ್ರಶ್ನೆಗಳು ಇಷ್ಟು. ‘ತಲೆದಂಡ’ದಲ್ಲಿ ಆ ವ್ಯಕ್ತಿಯ ತಪ್ಪೂ ಸೇರಿದೆ ಅಂತ ನಿಮಗೂ ಅನ್ನಿಸುತ್ತದೆಯೇ, ಅಥವಾ ಅದು ನನ್ನ ಕಿವಿಗೆ ಮಾತ್ರವೇ? ‘ತಲೆಗೆ ಕಟ್ಟು’ ಉತ್ತರ ಕರ್ನಾಟಕದಲ್ಲೂ, ಮಂಗಳೂರು ಕಡೆಯೂ ಇದೇ ಅರ್ಥದಲ್ಲಿ ಇದೆಯೇ? ಕಬಡ್ಡಿಯ ಕನ್ನಡ ಕಾಮೆಂಟರಿ ಕೇಳುವವರು ‘ದಾಳಿ ಕೋಚ್’ ಕಿವಿಗೆ ಹೇಗೆ ಕೇಳುತ್ತದೆ ಅಂತ ಹೇಳಿ. ಸಂಚಿಕೆ ತಿಂಗಳ ಕೊನೆಗೆ ಅಚ್ಚಿಗೆ ಹೋಗುತ್ತದೆ, ಅಷ್ಟರೊಳಗೆ ಬರೆದರೆ ತುಂಬ ಉಪಕಾರ.