ಕಾಫಿ ಪಲ್ಪಿಂಗ್ ಶುರುವಾದರೆ ಹಳ್ಳದ ಮೀನು ಸಾಯುತ್ತಿವೆ. ಏನು ಮಾಡಬಹುದು?

ಹಳ್ಳದಾಚೆ ಮನೆ

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ತಾಲ್ಲೂಕು, ಕೊಪ್ಪದ ಗಡಿಗೆ ಹತ್ತಿರ. ಅಡಿಕೆ ತೋಟ, ಮರಕ್ಕೆ ಕಾಳುಮೆಣಸು ಹಬ್ಬಿಸಿದ್ದೇವೆ. ತೋಟದ ಕೆಳಗಿನ ಹಳ್ಳ ಮುಂದೆ ಹೋಗಿ ತುಂಗೆ ಸೇರುತ್ತದೆ.

ಡಿಸೆಂಬರ್ ಬಂತೆಂದರೆ ಮೇಲಿನ ಎಸ್ಟೇಟಿನಲ್ಲಿ ಕಾಫಿ ಪಲ್ಪಿಂಗ್ ಶುರು, ಅಂದರೆ ಹಣ್ಣಿನ ಸಿಪ್ಪೆ ಬಿಡಿಸಿ ಬೀಜ ತೊಳೆಯುವ ಕೆಲಸ. ಆ ನೀರು ಹಳ್ಳಕ್ಕೆ ಬರುತ್ತದೆ. ಹಳ್ಳದ ನೀರು ಮೊದಲು ಕಂದಾಗುತ್ತದೆ, ಆಮೇಲೆ ಕಪ್ಪಗಾಗುತ್ತದೆ. ಹುಳಿ ಬೆರೆತ ಕೊಳೆತ ವಾಸನೆ ಅಂಗಳದವರೆಗೂ ಬರುತ್ತದೆ. ಬೆಳಗಿನ ಜಾವ ಹೋದರೆ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿರುತ್ತವೆ. ಬಿಸಿಲೇರುವಷ್ಟರಲ್ಲಿ ದೊಡ್ಡ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತವೆ. ಏಡಿಗಳು ಕಲ್ಲಡಿ ಬಿಟ್ಟು ದಡ ಹತ್ತುತ್ತವೆ. ಹಿಂದೆಲ್ಲ ಬಂಡೆ ಮೇಲೆ ನೀರುನಾಯಿ ಹಿಕ್ಕೆ ಕಾಣುತ್ತಿತ್ತು, ಅದರ ತುಂಬ ಏಡಿ ಚಿಪ್ಪಿನ ಚೂರು. ಈ ವರ್ಷ ಒಂದೂ ಕಂಡಿಲ್ಲ. ನಮ್ಮ ದನ ಹಳ್ಳಕ್ಕೆ ಬಾಯಿ ಹಾಕುವುದಿಲ್ಲ. ಕೆಳಗಿನ ಕೇರಿಯವರು ಮಾತ್ರ ಹಳ್ಳದ ಪಕ್ಕದ ಬಾವಿ ನೀರನ್ನೇ ಕುಡಿಯಬೇಕು.

ಎಸ್ಟೇಟಿನವರನ್ನು ಕೇಳಿದರೆ 'ಅದು ಬರೀ ಹಣ್ಣಿನ ರಸ, ವಿಷ ಅಲ್ಲ' ಅಂದರು. ಹಣ್ಣಿನ ರಸವಾದರೆ ಮೀನು ಯಾಕೆ ಸಾಯಬೇಕು? ನನಗೆ ಜಗಳ ಬೇಡ. ಒಬ್ಬರ ಮನೆ ಕಾರ್ಯಕ್ಕೆ ಇನ್ನೊಬ್ಬರು ಹೋಗಿ ಬರುವವರು ನಾವು. ಆದರೆ ಇದನ್ನು ನೋಡಿಕೊಂಡು ಸುಮ್ನೆ ಇರಲೂ ಆಗುತ್ತಿಲ್ಲ.

ನಿವೃತ್ತ ಮೇಷ್ಟ್ರು

ತಂಗೀ, ನೀವು ನೋಡಿದ್ದನ್ನು ಸರಿಯಾಗಿ ಬರೆದಿದ್ದೀರಿ. ಉತ್ತರ ಅದರಲ್ಲೇ ಇದೆ. ಎಸ್ಟೇಟಿನವರು ಹೇಳಿದ್ದು ಅರ್ಧ ನಿಜ. ಅದು ಹಣ್ಣಿನ ಸಿಹಿ ಮತ್ತು ಬೀಜದ ಮೇಲಿನ ಲೋಳೆ. ಅದು ನೀರಿಗೆ ಬಿದ್ದರೆ ಬ್ಯಾಕ್ಟೀರಿಯಾಗಳಿಗೆ ಹಬ್ಬದೂಟ. ಅವು ತಿಂದು ಬೆಳೆಯುತ್ತಾ ನೀರಲ್ಲಿ ಕರಗಿದ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ಮೀನು ಉಸಿರು ಕಟ್ಟಿ ಸಾಯುತ್ತದೆ. ರಾತ್ರಿ ಪಾಚಿಯೂ ಆಮ್ಲಜನಕ ಕೊಡುವುದಿಲ್ಲ, ಅದಕ್ಕೇ ಬೆಳಗಿನ ಜಾವ ಬಾಯಿ ಬಿಡುವುದು. ದೊಡ್ಡ ಮೀನು ಮೊದಲು ಸಾಯುವುದೂ ಸಾಮಾನ್ಯವಾಗಿ ಉಸಿರುಕಟ್ಟಿದ ಗುರುತೇ. ಮೈಲುತುತ್ತದಂಥ ವಿಷ ಬಿದ್ದರೆ ಹೆಚ್ಚಾಗಿ ಮರಿಗಳು ಮೊದಲು ಹೋಗುತ್ತವೆ.

ಮೀನು ಬದುಕಲು ಒಂದು ಲೀಟರ್ ನೀರಿನಲ್ಲಿ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಇರಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ ಹೇಳುತ್ತದೆ. ಜುಲೈಯಲ್ಲಾದರೆ ಹಳ್ಳದ ರಭಸಕ್ಕೆ ಎಷ್ಟೋ ಕೊಳೆ ತೆಳುವಾಗಿ ಹೋಗುತ್ತಿತ್ತು. ಕಾಫಿ ಕೊಯ್ಲು ಬರುವುದು ಹಳ್ಳ ಸೊರಗುವ ಹೊತ್ತಿಗೆ. ತೊಂದರೆಯ ಬೇರು ಇಲ್ಲಿದೆ.

ಸಣ್ಣ ಉಗುರಿನ ನೀರುನಾಯಿಗೆ ಏಡಿಯೇ ಮುಖ್ಯ ಊಟ. ಏಡಿ ಹೋದ ಹಳ್ಳದಲ್ಲಿ ಅದು ನಿಲ್ಲುವುದಿಲ್ಲ. ಇನ್ನು ಬಾವಿ. ಕಾಯಿಸಿದರೆ ರೋಗಾಣು ಸಾಯುತ್ತವೆ, ನೀರಲ್ಲಿ ಕರಗಿದ್ದು ಹೋಗುವುದಿಲ್ಲ. ಪರೀಕ್ಷೆ ಆಗುವವರೆಗೆ ಆ ಕೇರಿಗೆ ಬೇರೆ ಕಡೆಯಿಂದ ನೀರು ಕೊಡಿ ಎಂದು ಪಂಚಾಯ್ತಿಗೆ ಬರೆದುಕೊಡಿ. ಇದು ಎಲ್ಲಕ್ಕಿಂತ ಮೊದಲು ಆಗಬೇಕು.

ಕೊಪ್ಪದ ಬೆಳೆಗಾರ

ಅಕ್ಕಾ, ನಾನೂ ಪಾರ್ಚ್‌ಮೆಂಟ್ ಮಾಡುವವನೇ, ಅಂದರೆ ಸಿಪ್ಪೆ ಬಿಡಿಸಿ ತೊಳೆದು ಒಣಗಿಸಿದ ಕಾಫಿ. ಹಳ್ಳಕ್ಕೆ ಬಿಡದೆ ಮಾಡಲು ಖಂಡಿತ ಆಗುತ್ತದೆ. ಪಲ್ಪರ್‌ನಿಂದ ಬಂದ ನೀರನ್ನೇ ಸೋಸಿ ಮತ್ತೆ ಪಲ್ಪಿಂಗಿಗೆ ಬಳಸುತ್ತೇವೆ. ಹೊರಗೆ ಬಿಡಬೇಕಾದ ನೀರು ಅಲ್ಲೇ ಬಹಳ ಕಮ್ಮಿಯಾಗುತ್ತದೆ. ಉಳಿದಿದ್ದಕ್ಕೆ ಸುಣ್ಣ ಹಾಕಿ ಹುಳಿ ಮುರಿದು ಹೊಂಡಕ್ಕೆ ಬಿಡುತ್ತೇವೆ. ಒಂದರಲ್ಲಿ ಕೊಳೆತು ಇನ್ನೊಂದರಲ್ಲಿ ಗಾಳಿ ಆಡಿದ ಮೇಲೆ ಅದು ತೋಟಕ್ಕೆ. ಹೊಂಡದ ತಳಕ್ಕೆ ಜೇಡಿ ಮೆತ್ತಿ ಗಟ್ಟಿ ಮಾಡಬೇಕು, ಇಲ್ಲದಿದ್ದರೆ ಇಂಗಿ ಬಾವಿಗೆ ಹೋಗುತ್ತದೆ. ಸಿಪ್ಪೆಯನ್ನು ಸಗಣಿ ಜೊತೆ ಗೊಬ್ಬರ ಮಾಡಿ. ಹೊಂಡಕ್ಕೆ ಜಾಗವೇ ಇಲ್ಲದವರು ಹಣ್ಣನ್ನು ಹಾಗೇ ಒಣಗಿಸಿ ಚೆರಿ ಮಾಡಲಿ. ಅದಕ್ಕೆ ನೀರೇ ಬೇಡ. ರೇಟು ಕಮ್ಮಿ ಸಿಗುತ್ತದೆ ನಿಜ, ಆದರೆ ಆ ನಷ್ಟವನ್ನು ಕೆಳಗಿನ ಕೇರಿ ಯಾಕೆ ಹೊರಬೇಕು?

ಅವರ ಮನೆಯ ಹಿರಿಯರನ್ನು ನಮ್ಮ ತೋಟಕ್ಕೆ ಕರೆದುಕೊಂಡು ಬನ್ನಿ. ಹೊಂಡ ಕಣ್ಣಾರೆ ನೋಡಲಿ. ಮಾತಿಗೆ ಒಪ್ಪದಿದ್ದರೆ 1974ರ ಜಲ ಕಾಯ್ದೆ ಇದೆ. ಹಳ್ಳಕ್ಕೆ ಕೊಳೆ ಬಿಡುವುದಕ್ಕೆ ಅದರಡಿ ನಿಷೇಧವಿದೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರು ಕೊಡಬಹುದು.

ಶಿವಮೊಗ್ಗದಿಂದ

ಮೇಡಂ, ನಿಮ್ಮ ಹಳ್ಳದ ನೀರು ಮಂಡಗದ್ದೆಯ ಪಕ್ಷಿಧಾಮ ದಾಟಿ ಗಾಜನೂರು ಅಣೆಕಟ್ಟೆಗೆ ಬರುತ್ತದೆ. ಅಲ್ಲಿಂದ ನಮ್ಮ ನಲ್ಲಿಗೆ. ನಾವು ಶಿವಮೊಗ್ಗದವರು ಅದನ್ನು ಕುಡಿದು, ಊರಿನ ಚರಂಡಿ ಬೆರೆಸಿ ಕೂಡಲಿಯ ಕಡೆ ಕಳಿಸುತ್ತೇವೆ. ಹಾಗಾಗಿ ಕಾಫಿಯವರನ್ನು ಮಾತ್ರ ಬೈಯುವ ಹಕ್ಕು ನಮಗಿಲ್ಲ. ಆದರೆ ಹಳ್ಳದಲ್ಲಿ ತಡೆಯುವುದು ಸುಲಭ. ಹೊಳೆಗೆ ಬಂದ ಮೇಲೆ ಯಾರದ್ದು ಅಂತ ಹೇಳುವುದೂ ಕಷ್ಟ, ಅಲ್ವಾ?

ಹಳ್ಳದಾಚೆ ಮನೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೇರಿಯವರ ಜೊತೆ ಕೂತು ಪಂಚಾಯ್ತಿಗೆ ಅರ್ಜಿ ಬರೆದೆವು. ಎಲ್ಲರೂ ಸಹಿ ಹಾಕಿದ್ದಾರೆ. ಎಸ್ಟೇಟಿನ ಹಿರಿಯರು ಹೊಂಡ ನೋಡಲು ಬರುತ್ತೇನೆ ಅಂದಿದ್ದಾರೆ, ಕೊಪ್ಪದವರೇ, ಭಾನುವಾರ ಆಗುತ್ತದಾ? ಮೇಷ್ಟ್ರೇ, ಪರೀಕ್ಷೆಗೆ ನೀರು ಎಲ್ಲಿಂದ ತೆಗೆಯಬೇಕು?

ನಿವೃತ್ತ ಮೇಷ್ಟ್ರು

ಎಸ್ಟೇಟಿನ ನೀರು ಸೇರುವ ಜಾಗಕ್ಕಿಂತ ಮೇಲೆ ಒಂದು ಬಾಟಲಿ, ಕೆಳಗೆ ಒಂದು, ಬಾವಿಯದು ಒಂದು. ಎರಡೂ ಕಡೆಯದು ಇದ್ದರೇ ಹೋಲಿಸಲು ಆಗುವುದು. ಆಮ್ಲಜನಕವನ್ನು ಹಳ್ಳದ ಬಳಿಯೇ ಅಳೆಯಬೇಕು, ಅದಕ್ಕೆ ಲ್ಯಾಬಿನವರನ್ನೇ ಬೆಳಿಗ್ಗೆ ಬೇಗ ಬರಲು ಕೇಳಿ. ಬಾಟಲಿಗಳನ್ನು ಐಸ್ ಡಬ್ಬಿಯಲ್ಲಿಟ್ಟು ಅದೇ ದಿನ ತಲುಪಿಸಿ. ಪಲ್ಪರ್ ಓಡುತ್ತಿರುವ ದಿನವೇ ತೆಗೆಯಿರಿ.

ಕೊಪ್ಪದ ಬೆಳೆಗಾರ

ಭಾನುವಾರ ಬನ್ನಿ ಅಕ್ಕಾ. ಬೆಳಿಗ್ಗೆ ತಿಂಡಿಗೇ ಬನ್ನಿ, ಅವರನ್ನೂ ಕರೆದುಕೊಂಡು.